ಹಸಿ ಹಾಲು ಮಾರುವುದು ತಪ್ಪೇ? ಕಾನೂನು ಹೇಳುವುದೇನು, ನಾವು ಕೇಳಬೇಕಾದ್ದೇನು



ಹಾಲು ಮಾರುವ ಸದಸ್ಯೆಯರು ಇರುವ ಸಂಘಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ಪ್ಯಾಕೆಟ್ ಇಲ್ಲದ ಹಾಲು ಮಾರಿದರೆ ಜೈಲಿಗೆ ಹಾಕ್ತಾರಂತೆ, ಹೌದಾ ಸಿಸ್ಟರ್?" ಹೌದು ಅಂತ ಯಾರೋ ಹೇಳಿದ್ದಾರೆ, ಅವರಿಗೆ ಇನ್ಯಾರೋ ಹೇಳಿದ್ದಾರೆ. ಹೀಗೆ ಹೆದರಿಸಿ ದುಡ್ಡು ಕೇಳುವವರೂ ಇದ್ದಾರೆ. ಆದ್ದರಿಂದ ಈ ಸಾರಿಯ ಪಾಠ ಹಾಲಿನ ಕಾನೂನಿನ ಬಗ್ಗೆ.

ನಮ್ಮ ಬಿಟಿಎಂ ಲೇಔಟ್ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಕೆರೆ, ಹೊಲ, ದನ ಇದ್ದ ಊರುಗಳೇ. ಪಕ್ಕದ ಆಡುಗೋಡಿಯಲ್ಲಿ 1923ರಲ್ಲೇ ಸರ್ಕಾರ ಹೈನುಗಾರಿಕೆ ಸಂಸ್ಥೆ ತೆರೆಯಿತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗೆ ಇದ್ದಾಗ ಅಲ್ಲಿಗೆ ಹೋಗಿ ದನ ಸಾಕುವ ಪಾಠ ಕಲಿತರು. 1965ರಲ್ಲಿ ಬೆಂಗಳೂರು ಡೇರಿ ಆರಂಭವಾಯಿತು, ಡೇರಿ ಸರ್ಕಲ್‌ಗೆ ಹೆಸರು ಬಂದದ್ದು ಅದರಿಂದಲೇ. ಡೇರಿ ಬಂದರೂ ಮನೆ ಬಾಗಿಲಿಗೆ ಕ್ಯಾನಿನಲ್ಲಿ ಹಾಲು ತರುವವರು ಇಲ್ಲವಾಗಲಿಲ್ಲ. ಎರಡು ಹಸು ಕಟ್ಟಿಕೊಂಡು ಮಕ್ಕಳ ಫೀಸು ಕಟ್ಟಿದ ತಾಯಂದಿರು ನಮ್ಮ ಸಂಘಗಳಲ್ಲೂ ಇದ್ದಾರೆ.

ಈಗ ಕಾನೂನಿಗೆ ಬರೋಣ. ಮೊದಲು 1954ರ ಕಲಬೆರಕೆ ತಡೆ ಕಾಯಿದೆ ಇತ್ತು. ಅದರ ಬದಲು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದು, 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಅಮೆರಿಕದಲ್ಲಿ 1987ರಿಂದ ಹಸಿ ಹಾಲನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳಿಸಿ ಮಾರುವ ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ 1983ರಿಂದ ಮಾರಾಟವೇ ನಿಷೇಧ. ನಮ್ಮ ದೇಶದಲ್ಲಿ ಅಂಥ ನಿಷೇಧ ಇಲ್ಲ. ಹಸಿ ಹಾಲು ಮಾರಬಹುದು. ಆದರೆ ಮಾರುವವರು ನೋಂದಣಿ ಮಾಡಿಸಬೇಕು, ಹಾಲು ಗುಣಮಟ್ಟಕ್ಕೆ ತಕ್ಕ ಹಾಗೆ ಇರಬೇಕು.

ಲೈಸೆನ್ಸ್ ಬೇರೆ, ನೋಂದಣಿ ಬೇರೆ. ದೊಡ್ಡ ಡೇರಿಗೆ ಲೈಸೆನ್ಸ್. ಕಾಯಿದೆಯ 31ನೇ ಕಲಮು ಚಿಕ್ಕ ವ್ಯಾಪಾರಿ, ತಲೆಹೊರೆ ವ್ಯಾಪಾರಿ, ತಿರುಗಿ ಮಾರುವವರನ್ನು ಲೈಸೆನ್ಸಿನಿಂದ ಬಿಟ್ಟು, ಬರೀ ನೋಂದಣಿ ಸಾಕು ಅನ್ನುತ್ತದೆ. 2011ರ ನಿಯಮಗಳಲ್ಲಿ ಇದಕ್ಕೆ ಹಾಕಿದ ಮಿತಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ 500 ಲೀಟರ್ ಹಾಲು. ಶುಲ್ಕ ವರ್ಷಕ್ಕೆ 100 ರೂಪಾಯಿ. ಮಿತಿ, ಶುಲ್ಕ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರ ಕೇಳಿಕೊಳ್ಳಿ. ಒಂದು ಲೆಕ್ಕ ಹಾಕಿ: ದಿನಕ್ಕೆ 20 ಲೀಟರ್, ಲೀಟರಿಗೆ 50 ರೂಪಾಯಿ, ಅಂದರೆ ದಿನಕ್ಕೆ 1,000, ವರ್ಷಕ್ಕೆ 3,65,000. ನಮ್ಮಲ್ಲಿ ಯಾರೂ ಮಿತಿಯ ಹತ್ತಿರಕ್ಕೂ ಹೋಗೋಲ್ಲ.

ಜೈಲಿನ ಮಾತು? ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡಿದರೆ ಶಿಕ್ಷೆ ಎನ್ನುವ 63ನೇ ಕಲಮು ಚಿಕ್ಕ ವ್ಯಾಪಾರಿಗಳನ್ನು ಮೊದಲಿನಿಂದಲೇ ಹೊರಗಿಟ್ಟಿದೆ. ಆದರೆ ಹಾಲಿಗೆ ಯೂರಿಯಾ, ಸೋಪಿನ ಪುಡಿಯಂಥ ವಿಷ ಬೆರೆಸಿದರೆ ಅದು ಅಸುರಕ್ಷಿತ ಆಹಾರ, ಅದಕ್ಕೆ ಜೈಲು ಇದ್ದೇ ಇದೆ. ಇರಲೇಬೇಕು. 2016ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ಸ್ವಾಮಿ ಅಚ್ಯುತಾನಂದ ತೀರ್ಥರ ಮೊಕದ್ದಮೆಯಲ್ಲಿ ಹಾಲಿನ ಕಲಬೆರಕೆಗೆ ಶಿಕ್ಷೆ ಇನ್ನೂ ಕಠಿಣವಾಗಬೇಕು ಎಂದು ಹೇಳಿದೆ. ಮಗುವಿನ ಬಾಟಲಿಗೆ ಹೋಗುವ ಪದಾರ್ಥ ಅಲ್ಲವೇ?

ಹಾಗಾದರೆ ನಮಗೆ ಕಷ್ಟ ಎಲ್ಲಿದೆ? ನನಗೆ ಕಾಣುವುದು ಎರಡು ಕಡೆ.

ಒಂದು, ಹಾಲು ಸಹಕಾರ ಸಂಘದ ಸದಸ್ಯೆ ತನ್ನ ಹಾಲನ್ನೆಲ್ಲಾ ಸಂಘಕ್ಕೇ ಹಾಕಿದರೆ ಅವಳಿಗೆ ನೋಂದಣಿಯೂ ಬೇಡ. ಹಳ್ಳಿಯಲ್ಲಿರುವ ನಿಮ್ಮ ಅಕ್ಕನಿಗೆ ಈ ವಿನಾಯಿತಿ ಸಿಗುತ್ತದೆ. ತಾವರೆಕೆರೆಯ ಗಲ್ಲಿಯಲ್ಲಿ ಹಸು ಕಟ್ಟಿ ಮನೆ ಮನೆಗೆ ಹಾಕುವ ನಿಮಗೆ ಸಿಗೋಲ್ಲ. ಸ್ವ-ಸಹಾಯ ಸಂಘದ ಹೆಸರು ಆ ನಿಯಮದಲ್ಲಿ ಇಲ್ಲ. ಹತ್ತು ಜನ ಸದಸ್ಯೆಯರ ಹಾಲನ್ನು ಸಂಘವೇ ಒಂದು ಕಡೆ ಅಳೆದು, ಪರೀಕ್ಷೆ ಮಾಡಿ ಮಾರುವುದಾದರೆ, ಸಂಘಕ್ಕೆ ಒಂದು ನೋಂದಣಿ ಸಾಕು, ಸದಸ್ಯೆಯರಿಗೆ ಬೇರೆ ಬೇರೆ ಬೇಡ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಎರಡನೆಯದು ದಂಡ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಓದಲು ಬಾರದ ಸದಸ್ಯೆಯರಿಗೆ ಓದಿ ಹೇಳಿ. ಗಿರಾಕಿ ಕೇಳಿದ ಗುಣಮಟ್ಟ ಇಲ್ಲದ ಆಹಾರ ಮಾರಿದರೆ 50ನೇ ಕಲಮಿನಲ್ಲಿ 5 ಲಕ್ಷದವರೆಗೆ ದಂಡ. ಆದರೆ ಚಿಕ್ಕ ವ್ಯಾಪಾರಿಗೆ 25 ಸಾವಿರಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ ಎಂದು ಅಲ್ಲೇ ಬರೆದಿದೆ. ಮುಂದಿನ 51ನೇ ಕಲಮು ಕಳಪೆ ಗುಣಮಟ್ಟದ ಆಹಾರಕ್ಕೆ. ಅಲ್ಲೂ 5 ಲಕ್ಷದವರೆಗೆ. ಚಿಕ್ಕವರಿಗೆ ಮಿತಿ ಮಾತ್ರ ಅಲ್ಲಿ ಇಲ್ಲ! ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 3.2, ಕೊಬ್ಬಲ್ಲದ ಘನಾಂಶ ಶೇಕಡಾ 8.3 ಇರಬೇಕು. ನೀರು ಬೆರೆಸಿದರೆ ಇದಕ್ಕಿಂತ ಇಳಿಯುತ್ತದೆ, ಸರಿ. ಆದರೆ ಮೇವು ಸಾಲದ ಹಸು ಕೊಟ್ಟ ಅಪ್ಪಟ ಹಾಲೂ ಕೆಲವು ಸಾರಿ ಇಳಿಯುತ್ತದೆ. ದಂಡ ಹಾಕುವಾಗ ಲಾಭ ಎಷ್ಟು, ನಷ್ಟ ಎಷ್ಟು, ಗೊತ್ತಿದ್ದು ಮಾಡಿದ್ದೋ ಗೊತ್ತಿಲ್ಲದೆಯೋ ನೋಡಬೇಕು ಎಂದು 49ನೇ ಕಲಮು ಹೇಳುತ್ತದೆ, ನಿಜ. ಆದರೂ ಅದು ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು. 50ರಲ್ಲಿರುವ 25 ಸಾವಿರದ ಮಿತಿಯನ್ನು 51ಕ್ಕೂ ತನ್ನಿ ಎಂದು ಒಕ್ಕೂಟದ ಮೂಲಕ ಸಂಸದರಿಗೆ ಮನವಿ ಕೊಡಬಹುದು. ಕಾಯಿದೆ ಕೇಂದ್ರದ್ದು, ಬದಲಾಯಿಸುವುದು ಸಂಸತ್ತು. ಕಾರ್ಪೊರೇಟರ್ ಮನೆ ಮುಂದೆ ಕೂತು ಪ್ರಯೋಜನ ಇಲ್ಲ.

ಇನ್ನು ಕೆಲವರು, "ಹಸಿ ಹಾಲಿಗೆ ಯಾವ ಕಾನೂನೂ ಬೇಡ, ಪೂರ್ತಿ ತೆಗೆಯಿರಿ" ಅನ್ನುತ್ತಾರೆ. ಅಮೆರಿಕದಲ್ಲಿ ಇಂಥ ಚಳವಳಿ ದೊಡ್ಡದಾಗಿಯೇ ನಡೆದಿದೆ. 2023ರಲ್ಲಿ ಅಯೋವಾ ರಾಜ್ಯ ಹಸಿ ಹಾಲಿನ ಮಾರಾಟಕ್ಕೆ ಬಾಗಿಲು ತೆರೆಯಿತು. ಅಲ್ಲಿ ಕೇಳುವವರು ಹಾಲನ್ನು ಕಾಯಿಸದೆ ಹಾಗೇ ಕುಡಿಯಬೇಕು ಅನ್ನುವವರು. ನಮ್ಮ ಪ್ರಶ್ನೆ ಅದಲ್ಲ. ನಾವು ಹಸಿ ಹಾಲು ಕೊಳ್ಳುವುದು ಕಾಯಿಸಲಿಕ್ಕೆ. ಅದನ್ನು ಬಿಟ್ಟು "ನೊರೆ ಹಾಲು ಮಕ್ಕಳಿಗೆ ಶಕ್ತಿ" ಎಂದು ಕೊಡುವುದನ್ನು ನಾನು ಒಪ್ಪುವುದಿಲ್ಲ. ಕಂದು ಹಾಕುವ ಹಸುವಿನ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ತಿಂಗಳುಗಟ್ಟಲೆ. ದನದ ಕ್ಷಯವೂ ಹಾಲಿನಿಂದ ಮನುಷ್ಯರಿಗೆ ಬರಬಲ್ಲದು. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಬಿಸಿ ಮಾಡಿದರೆ ಈ ರೋಗಾಣುಗಳು ಸಾಯುತ್ತವೆ. ನಮ್ಮ ಒಲೆಯ ಮೇಲೆ ಉಕ್ಕು ಬರುವ ತನಕ ಕಾಯಿಸಿದರೆ ಅದಕ್ಕಿಂತ ಹೆಚ್ಚೇ ಆಯಿತು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕುವ ಕೇಂದ್ರದ ಕಾರ್ಯಕ್ರಮ 2019ರಲ್ಲಿ ಶುರುವಾಗಿದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಪ್ಯಾಕೆಟ್ ಹಾಲು ಎಲ್ಲಾ ಒಳ್ಳೆಯದು, ಕ್ಯಾನಿನ ಹಾಲು ಎಲ್ಲಾ ಕಲಬೆರಕೆ ಅನ್ನುವುದೂ ಸುಳ್ಳೇ. 2018ರಲ್ಲಿ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿದಾಗ ವಿಷದ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಬೂಷ್ಟು ಹಿಡಿದ ಮೇವು, ಹಿಂಡಿಯಿಂದ ಹಾಲಿಗೆ ಇಳಿಯುವ ಅಫ್ಲಾಟಾಕ್ಸಿನ್ ಎಂಬ ನಂಜು. ಕಾಯಿಸಿದರೂ ಅದು ಹೋಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಒದ್ದೆ ಹಿಂಡಿ ತರಬೇಡಿ.

ಅಧಿಕಾರಿ ಮಾದರಿ ತೆಗೆಯಲು ಬಂದರೆ ಓಡಬೇಡಿ, ಹಾಲು ಚೆಲ್ಲಬೇಡಿ. ಗುರುತಿನ ಚೀಟಿ ಕೇಳಿ. ತೆಗೆದ ಹಾಲಿಗೆ ಅವರು ದುಡ್ಡು ಕೊಡಬೇಕು, ಬರಹದಲ್ಲಿ ನೋಟಿಸ್ ಕೊಡಬೇಕು, ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಬೇಕು. ಒಂದು ಭಾಗ ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಿ ಎಂದು ನೀವು ಕೇಳಬಹುದು. ವರದಿ ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ. ಸ್ವಚ್ಛತೆಯ ಕೊರತೆಗೆ ಸುಧಾರಣಾ ನೋಟಿಸ್ ಕೊಟ್ಟರೆ ಸರಿ ಮಾಡಲು ಕನಿಷ್ಠ 14 ದಿನ ಕೊಡಬೇಕು. ಅಲ್ಲೇ ರಸ್ತೆಯಲ್ಲಿ ರಸೀದಿ ಇಲ್ಲದೆ ಕೇಳುವ ದುಡ್ಡು ದಂಡ ಅಲ್ಲ.

ಮುಂದಿನ ಸಭೆಗೆ ಮುಂಚೆ ಪ್ರತಿ ಸಂಘ ಒಂದು ಲ್ಯಾಕ್ಟೋಮೀಟರ್ ಕೊಂಡುಕೊಳ್ಳಲಿ. ಹಾಲು ಮಾರುವ ಸದಸ್ಯೆಯರು ಆಧಾರ್ ನಕಲು ಮತ್ತು ಫೋಟೋ ತರಲಿ, ನೋಂದಣಿ ಅರ್ಜಿಯನ್ನು ಒಟ್ಟಿಗೆ ಕೂತು ತುಂಬಿಸೋಣ. ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ: ನಮ್ಮ ಸಂಘದಲ್ಲಿ ಹಾಲು ಮಾರುವವರು ಎಷ್ಟು ಜನ, ನೋಂದಣಿ ಆದವರು ಎಷ್ಟು? ಯಾರಾದರೂ ಹೆದರಿಸಿ ದುಡ್ಡು ತೆಗೆದುಕೊಂಡಿದ್ದಾರೆಯೇ? ಸಂಘದ ಹೆಸರಿನಲ್ಲೇ ಒಂದು ನೋಂದಣಿ ಬೇಕು ಅನ್ನುವುದಾದರೆ, ಒಬ್ಬಳು ನೀರು ಬೆರೆಸಿದರೆ ಉಳಿದ ಒಂಬತ್ತು ಜನ ಏನು ಮಾಡುತ್ತೀರಿ?