ಊರಿನ ನಂಟು ಎಷ್ಟು ತಲೆಮಾರು? ಮುಂಬಯಿ ಕನ್ನಡಿಗರ ಕುರಿತು ಒಂದು ಅಭ್ಯಾಸ



ನಾನು ಕಾಮರ್ಸ್ ವಿದ್ಯಾರ್ಥಿ. ಕಾವ್ಯ ವಿಮರ್ಶೆ ಬರೆಯುವಷ್ಟು ಓದಿದವನಲ್ಲ. ಆದರೂ ನಮ್ಮ ಸಂಘದ ಪತ್ರಿಕೆಗೆ ಏನಾದರೂ ಬರೆಯಲೇಬೇಕು ಎಂದು ಗೆಳೆಯರು ಪಟ್ಟು ಹಿಡಿದಾಗ ನನಗೆ ಸ್ವಲ್ಪ ಗೊತ್ತಿರುವ ವಿಷಯವನ್ನೇ ಆರಿಸಿಕೊಂಡೆ. ಊರು ಬಿಟ್ಟು ಬಂದವರು ಊರಿನ ನಂಟನ್ನು ಹೇಗೆ ಉಳಿಸಿಕೊಳ್ಳುತ್ತಾರೆ? ಅದು ಎಷ್ಟು ತಲೆಮಾರು ಬಾಳುತ್ತದೆ?

ನಮ್ಮ ಮನೆ ಮಾಜಿವಾಡಾದಲ್ಲಿ, ಘೋಡ್‌ಬಂದರ್ ರಸ್ತೆ ಹೆದ್ದಾರಿಗೆ ಕೂಡುವ ನಾಕಾದ ಹತ್ತಿರ. ನಾನು ಹತ್ತನೇ ತರಗತಿವರೆಗೆ ಕುಂದಾಪುರ ತಾಲೂಕಿನಲ್ಲಿ ಅಜ್ಜಿಯ ಜೊತೆ ಇದ್ದು ಕನ್ನಡ ಮಾಧ್ಯಮದಲ್ಲಿ ಓದಿದೆ. ತಂಗಿ ಇಲ್ಲೇ ಹುಟ್ಟಿದವಳು, ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಕಳೆದ ವರ್ಷ ಅಜ್ಜಿ ಫೋನಿನಲ್ಲಿ ಅವಳ ಹತ್ತಿರ ನಾಲ್ಕು ಮಾತಾಡಿ, ಆಮೇಲೆ ನನ್ನನ್ನು ಕೇಳಿದರು: "ಹೆಣ್ಣಿಗ್ ನಮ್ಮ್ ಮಾತ್ ಬತ್ತಿಲ್ಯಾ?" ಬರುತ್ತದೆ, ನಾಚಿಕೆ ಅಷ್ಟೇ ಎಂದು ಸುಳ್ಳು ಹೇಳಿದೆ. ಈ ಲೇಖನ ಆ ಸುಳ್ಳಿನಿಂದ ಹುಟ್ಟಿದ್ದು.

1. ಹೊರನಾಡು ಆದದ್ದು ಹೇಗೆ?

ಮೊದಲು ಒಂದು ಚರಿತ್ರೆಯ ಮಾತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯವರಿಗೆ ಮುಂಬಯಿ ಪರವೂರಲ್ಲ, ತಮ್ಮದೇ ರಾಜಧಾನಿ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯ ರಚನೆಯಾದಾಗ ಅವರು ಕೂತಲ್ಲೇ ಹೊರನಾಡಿಗರಾದರು. ನಮ್ಮ ದಕ್ಷಿಣ ಕನ್ನಡದವರ ಕಥೆ ಬೇರೆ. ಅದು ಮದರಾಸು ಪ್ರಾಂತದಲ್ಲಿತ್ತು. ಅಲ್ಲಿಂದ ಜನ ಹೊಟೇಲ್ ಕೆಲಸ ಹುಡುಕಿಕೊಂಡು ಬಂದರು. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇದರಲ್ಲಿ ಸೊಲ್ಲಾಪುರ, ಸಾಂಗ್ಲಿಯಂಥ ಗಡಿ ಜಿಲ್ಲೆಗಳ ಸ್ಥಳೀಯ ಕನ್ನಡಿಗರೂ ಸೇರಿದ್ದಾರೆ.

2. ನಂಟು ಕಟ್ಟಿದ ಸಂಸ್ಥೆಗಳು

ಬಂದವರು ಸುಮ್ಮನೆ ಕೂರಲಿಲ್ಲ. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಬಂಟರು, ಬಿಲ್ಲವರು, ಮೊಗವೀರರು ತಮ್ಮ ತಮ್ಮ ಸಂಘಗಳನ್ನು ಕಟ್ಟಿದರು. 1951ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮುಂಬಯಿಯಲ್ಲೇ ನಡೆಯಿತು; ಮಂಜೇಶ್ವರದ ಗೋವಿಂದ ಪೈ ಅಧ್ಯಕ್ಷರು. 1978ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಶುರುವಾಯಿತು.

ಇವೆಲ್ಲಕ್ಕಿಂತ ದೊಡ್ಡದು ರಾತ್ರಿ ಶಾಲೆ ಎಂದು ನನ್ನ ಅಭಿಪ್ರಾಯ. ಹಗಲು ಕಪ್ಪು ತೊಳೆದು, ಮೇಜು ಒರೆಸಿದ ಹುಡುಗರು ಸಂಜೆ ಮೇಲೆ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಎಸ್.ಎಸ್.ಸಿ. ಮುಗಿಸಿದರು. ನಮ್ಮ ಅಪ್ಪಯ್ಯನೂ ಹಾಗೇ ಓದಿದವರು. ಪಾಠದ ನಡುವೆ ತೂಕಡಿಸಿದರೆ ಮೇಷ್ಟ್ರು ಬಯ್ಯುತ್ತಿರಲಿಲ್ಲವಂತೆ, ಹೋಗಿ ಮುಖ ತೊಳೆದು ಬಾ ಅನ್ನುತ್ತಿದ್ದರಂತೆ.

ಈ ನೆಲ ಸಾಹಿತ್ಯಕ್ಕೂ ಬಂಜೆಯಾಗಲಿಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರು ಇಲ್ಲಿದ್ದುಕೊಂಡೇ 'ಶಿಕಾರಿ' (1979) ಬರೆದರು. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದ 2018ನೇ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಪಡೆಯಿತು.

3. ದೂರದ ಒಂದು ಉದಾಹರಣೆ

ನಮ್ಮ ಪಾಡು ನಮಗೊಬ್ಬರಿಗೇ ಅಲ್ಲ. ಯುರೋಪಿನಲ್ಲಿ ಸ್ಲೊವೇನಿಯಾ ಎಂಬ ಪುಟ್ಟ ದೇಶವಿದೆ, ಸ್ವತಂತ್ರವಾದದ್ದು 1991ರಲ್ಲಿ. ಅದಕ್ಕೂ ನೂರು ವರ್ಷ ಹಿಂದಿನಿಂದಲೇ ಅಲ್ಲಿಯ ಬಡವರು ಅಮೆರಿಕದ ಗಣಿಗಳಿಗೆ, ಕಾರ್ಖಾನೆಗಳಿಗೆ ವಲಸೆ ಹೋಗುತ್ತಿದ್ದರು. 1904ರಲ್ಲಿ ಚಿಕಾಗೋದಲ್ಲಿ ಅವರು ಒಂದು ಸಹಾಯ ಸಂಘ ಕಟ್ಟಿದರು. ಸದಸ್ಯರು ವಂತಿಗೆ ಕೊಡಬೇಕು. ಕಾಯಿಲೆಯಾದರೆ, ಸತ್ತರೆ ಸಂಘ ಹಣ ಕೊಡುತ್ತದೆ. ಕಾಮರ್ಸಿನ ಭಾಷೆಯಲ್ಲಿ ಹೇಳುವುದಾದರೆ ಇದು ವಿಮೆ. ಆದರೆ ವಿಮೆಗಾಗಿ ಸೇರಿದವರು ಸಭಾಭವನ ಕಟ್ಟಿದರು, ಹಾಡಿದರು, ತಮ್ಮ ಭಾಷೆಯಲ್ಲಿ 'ಪ್ರೊಸ್ವೆಟಾ' ಎಂಬ ಪತ್ರಿಕೆ ನಡೆಸಿದರು.

ಇತ್ತ ತಾಯ್ನಾಡೂ ಕೈಚಾಚಿತು. 1951ರಲ್ಲಿ, ಎಂದರೆ ನಮ್ಮ ಮುಂಬಯಿ ಸಮ್ಮೇಳನ ನಡೆದ ವರ್ಷವೇ, ಲ್ಯುಬ್ಲ್ಯಾನಾ ನಗರದಲ್ಲಿ ವಲಸೆ ಹೋದವರಿಗಾಗಿಯೇ ಒಂದು ಸಂಸ್ಥೆ ಹುಟ್ಟಿತು. ಅದರ ಪತ್ರಿಕೆಯ ಹೆಸರು 'ರೊದ್ನಾ ಗ್ರೂದಾ', ಅಂದರೆ ಹುಟ್ಟಿದ ಮಣ್ಣು. ಅದು ಕಡಲಾಚೆಗೆ ಹೋಗಿ ಊರಿನ ಸುದ್ದಿ ಮುಟ್ಟಿಸುತ್ತಿತ್ತು.

ಫಲವೇನು? ಮೊಮ್ಮಕ್ಕಳ ಕಾಲಕ್ಕೆ ಅಮೆರಿಕದಲ್ಲಿ ಆ ಭಾಷೆ ಬಹುಮಟ್ಟಿಗೆ ಮನೆಯಿಂದ ಹೊರಟುಹೋಯಿತು. ಕ್ಲೀವ್‌ಲ್ಯಾಂಡಿನಲ್ಲಿ ಅವರ ಪೋಲ್ಕಾ ಕುಣಿತ ಉಳಿಯಿತು. ಹಬ್ಬಕ್ಕೆ ಮಾಡುವ 'ಪೊತಿತ್ಸಾ' ಎಂಬ ಅಕ್ರೋಟದ ಸಿಹಿ ರೊಟ್ಟಿ ಉಳಿಯಿತು. ಇದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಪೂರ್ತಿ ಗೆಲುವೂ ಅಲ್ಲ.

4. ಮೂರು ಬಗೆಯ ನಂಟು

ಇದರಿಂದ ನನಗೆ ತಿಳಿದದ್ದು ಇಷ್ಟು. ನಂಟು ಮೂರು ಬಗೆಯದು: ದುಡ್ಡಿನ ನಂಟು, ಹಬ್ಬದ ನಂಟು, ಓದಿನ ನಂಟು.

ದುಡ್ಡಿನ ನಂಟು ಎಂದರೆ ಊರಿಗೆ ಹಣ ಕಳಿಸುವುದು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಡುವುದು. ಹಬ್ಬದ ನಂಟು ಎಂದರೆ ಮಳೆಗಾಲದಲ್ಲಿ ಇಲ್ಲಿಗೆ ಬರುವ ಯಕ್ಷಗಾನ, ನವರಾತ್ರಿ, ಪತ್ರೊಡೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಈ ಎರಡಕ್ಕೂ ಅನುಕೂಲವಾಯಿತು. ಮಧ್ಯಾಹ್ನ ಠಾಣೆಯಲ್ಲಿ ರೈಲು ಹತ್ತಿದರೆ ಬೆಳಗಿನೊಳಗೆ ಊರು.

ಓದಿನ ನಂಟು ಮಾತ್ರ ರೈಲಿನಲ್ಲಿ ಬರುವುದಿಲ್ಲ. ಅದನ್ನು ಪ್ರತಿ ಮಗುವಿಗೂ ಹೊಸದಾಗಿ ಕಲಿಸಬೇಕು. ಬಾಡಿಗೆ ಕಡಿಮೆ ಎಂದು ಜನ ಮುಂಬಯಿ ಬಿಟ್ಟು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗೆ ಬಂದರು. ಕನ್ನಡ ಶಾಲೆಗಳು ಹೆಚ್ಚಾಗಿ ಹಿಂದೆಯೇ ಉಳಿದವು. ಪುಸ್ತಕ ಇಲ್ಲ ಎನ್ನುವಂತಿಲ್ಲ. ಮಹಾರಾಷ್ಟ್ರ ಸರಕಾರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಕೊರತೆ ಇರುವುದು ಮಕ್ಕಳದು. ತಂದೆತಾಯಿಯರನ್ನು ದೂರುವುದೂ ಸುಲಭವಲ್ಲ. ರಾತ್ರಿ ಶಾಲೆಯಲ್ಲಿ ನಿದ್ದೆಗೆಟ್ಟು ಓದಿದ ಅಪ್ಪಯ್ಯನೇ ತಂಗಿಯನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು. "ನಾನು ಪಟ್ಟ ಪಾಡು ಅವಳಿಗೆ ಬೇಡ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಆದರೆ ಲೆಕ್ಕದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬಲ್ಲೆ. ಅಂಗಡಿಯವನು ಮೂಲ ಬಂಡವಾಳವನ್ನೇ ತಿನ್ನುತ್ತಿದ್ದರೂ ಕೆಲವು ವರ್ಷ ಅಂಗಡಿ ತೆರೆದೇ ಇರುತ್ತದೆ, ದೀಪವೂ ಉರಿಯುತ್ತದೆ. ನಮ್ಮ ಸಭೆ, ಸನ್ಮಾನ, ನಾಟಕಗಳ ಸ್ಥಿತಿ ಇದೇ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರ ವಯಸ್ಸು ಎಷ್ಟು ಎಂದು ಒಮ್ಮೆ ನೋಡಿ.

5. ನಾವು ಮಾಡಬಹುದಾದದ್ದು

ದೊಡ್ಡ ಠರಾವು ಬೇಡ. ನಮ್ಮಂಥ ವಿದ್ಯಾರ್ಥಿಗಳಿಗೆ ಸಾಧ್ಯವಾದದ್ದು ಎರಡು. ಒಂದು, ಕಾಲೇಜಿನಲ್ಲಿ ಕನ್ನಡ ತೆಗೆದುಕೊಳ್ಳಲು ಅವಕಾಶವಿದ್ದರೆ ಬಿಡದೆ ತೆಗೆದುಕೊಳ್ಳುವುದು. ಎರಡು, ನಮ್ಮ ಬಿಲ್ಡಿಂಗಿನ ಒಂದಿಬ್ಬರು ಮಕ್ಕಳಿಗೆ ಭಾನುವಾರ ಒಂದು ಗಂಟೆ ಅಕ್ಷರ ಕಲಿಸುವುದು.

ಎರಡನೆಯದನ್ನು ನಾನು ಮಾಡಿ ನೋಡಿದೆ. ಮೂವರು ಮಕ್ಕಳಿಂದ ಶುರು ಮಾಡಿದೆ. ಇಬ್ಬರು ಮೂರನೇ ವಾರಕ್ಕೆ ಬಿಟ್ಟರು, ಕ್ರಿಕೆಟ್ ಇತ್ತಂತೆ. ಉಳಿದವಳು ತಂಗಿ, ಅವಳೂ ಅಮ್ಮನ ಹೆದರಿಕೆಗೆ. ಪಠ್ಯಪುಸ್ತಕ ಅವಳಿಗೆ ಬೇಜಾರು. ಒಂದು ದಿನ ಅಪ್ಪಯ್ಯನ ಟ್ರಂಕಿನಿಂದ ಹಳೇ ಪೋಸ್ಟ್ ಕಾರ್ಡುಗಳನ್ನು ತೆಗೆದುಕೊಟ್ಟೆ. ಅಪ್ಪಯ್ಯ ಹದಿನಾರನೇ ವಯಸ್ಸಿಗೆ ಬಸ್ಸು ಹತ್ತಿ ಇಲ್ಲಿಗೆ ಬಂದಾಗ ಅಜ್ಜ ಬರೆದವು. ಅಜ್ಜ ಈಗಿಲ್ಲ. ತಂಗಿ ಅವರನ್ನು ನೋಡಿಯೇ ಇಲ್ಲ.

ಮೊದಲ ಸಾಲು ಓದಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. 'ಕ್ಷೇಮ' ಎಂಬಲ್ಲಿ ಒತ್ತಕ್ಷರಕ್ಕೆ ಸಿಕ್ಕಿಹಾಕಿಕೊಂಡಳು. ನಾನು ಹೇಳಿಕೊಡಲು ಹೋದರೆ "ತಡಿ ಅಣ್ಣ, ನಾನೇ ಓದ್ತೇನೆ" ಎಂದಳು. ಒಟ್ಟು ನಲವತ್ತೊಂದು ಕಾರ್ಡುಗಳಿವೆ. ಈ ಲೇಖನ ಬರೆಯುವ ಹೊತ್ತಿಗೆ ಆರು ಮುಗಿದಿವೆ. ಅಜ್ಜಿಗೆ ಹೇಳಿದ ಸುಳ್ಳು ನಿಜವಾಗಲು ಇನ್ನೂ ಮೂವತ್ತೈದು ಬಾಕಿ.