ಮಾಗಡಿ ಕೆರೆಯ ಹೆಬ್ಬಾತುಗಳೂ ಹಕ್ಕಿಜ್ವರವೂ

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಚಳಿಗಾಲದ ಒಂದು ಶನಿವಾರ ಒಂಬತ್ತನೆಯ ತರಗತಿಯ ಹುಡುಗಿಯರು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಿ ಬರುವದು ನಮ್ಮಲ್ಲಿ ನಡೆದುಬಂದ ವಾಡಿಕೆ. 2017ರ ಜನವರಿಯಲ್ಲಿ ಹಕ್ಕಿಜ್ವರದ ನಿಮಿತ್ತ ಮೈಸೂರಿನ ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದ ಸುದ್ದಿ ಬಂದಾಗ ನಾವು ಆ ಸಂಚಾರವನ್ನು ನಿಲ್ಲಿಸಿದೆವು. ಕಾರಣವನ್ನು ಕೇಳಿದ ಹುಡುಗಿಯರಿಗೆ, ಆ ಹಕ್ಕಿಗಳು ರೋಗವನ್ನು ತರುತ್ತವೆ ಎಂದಷ್ಟೇ ಹೇಳಿ ಪಾಠಕ್ಕೆ ತೊಡಗಿದೆವು.

ಅಂದು ಆ ಮಾತನ್ನು ಕೇಳಿದವರಲ್ಲಿ ಒಬ್ಬಳು ಕಳೆದ ಚಳಿಗಾಲದಲ್ಲಿ ನಮಗೆ ಕಾಗದ ಬರೆದಳು. ಅವಳಿಗೆ ಮದುವೆಯಾಗಿದೆ, ಅತ್ತೆಯ ಮನೆಯಲ್ಲಿ ಕೋಳಿ ಫಾರಂ ಇದೆ, ಊರ ಕೆರೆಗೂ ಹೆಬ್ಬಾತುಗಳು ಬರುತ್ತವೆ. “ಅಕ್ಕಾವರೇ, ನೀವು ಹೇಳಿದ್ದನ್ನೇ ನಾನು ಇಲ್ಲಿ ಹೇಳಿದೆನು. ಈಗ ನಮ್ಮ ಮೈದುನರು ಪಟಾಕಿ ಹಚ್ಚಿ ಹಕ್ಕಿಗಳನ್ನು ಓಡಿಸಬೇಕೆನ್ನುತ್ತಾರೆ. ಓಡಿಸಿದರೆ ಸರಿಯೇ?” ಎಂದು ಕೇಳಿದ್ದಳು. ನಾವು ಅಂದು ಹೇಳಿದ್ದು ಅರ್ಧ ಸತ್ಯವಾಗಿತ್ತು. ಅರ್ಧ ಸತ್ಯವು ಒಂದು ಊರಿನವರ ಕೈಗೆ ಪಟಾಕಿಯನ್ನು ಕೊಡಬಲ್ಲದೆಂದು ನಾವು ಎಣಿಸಿರಲಿಲ್ಲ. ಅವಳಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಕೊಟ್ಟಿದ್ದೇವೆ.

ಹಕ್ಕಿಜ್ವರವು ಇನ್‌ಫ್ಲುಯೆಂಝಾ ವೈರಾಣುವಿನಿಂದ ಉಂಟಾಗುವ ವ್ಯಾಧಿ. ಈ ವೈರಾಣುವಿನ ಅನೇಕ ಸೌಮ್ಯ ಬಗೆಗಳು ಬಹುಕಾಲದಿಂದ ಕಾಡುಬಾತುಗಳ ಕರುಳಿನಲ್ಲಿ ನೆಲೆಸಿವೆ. ಬಾತಿಗೆ ಅವುಗಳಿಂದ ಹೇಳಿಕೊಳ್ಳುವಂಥ ಬಾಧೆಯಿಲ್ಲ. ಹಿಕ್ಕೆಯೊಂದಿಗೆ ಅವು ನೀರನ್ನು ಸೇರುತ್ತವೆ. ಅದೇ ನೀರನ್ನು ಕುಡಿದ ಇನ್ನೊಂದು ಬಾತಿನ ಹೊಟ್ಟೆಯನ್ನು ಹೊಗುತ್ತವೆ. ತಣ್ಣೀರಿನಲ್ಲಿ ಬಹಳ ದಿನ ಜೀವ ಹಿಡಿದಿರುತ್ತವೆ, ಬಿಸಿಲಿನ ಕಾವಿಗೆ ಬೇಗನೆ ನಾಶವಾಗುತ್ತವೆ. ಆದರೆ ಇವುಗಳಲ್ಲಿ ಕೆಲವು ಬಗೆಗಳು ಸಾವಿರಾರು ಕೋಳಿಗಳು ಒತ್ತಾಗಿ ಕೂತಿರುವ ಮನೆಯೊಳಗೆ ಹೊಕ್ಕು, ಹಕ್ಕಿಯಿಂದ ಹಕ್ಕಿಗೆ ದಾಟುತ್ತ ದಾಟುತ್ತ ರೂಪವನ್ನು ಬದಲಿಸಿ ಮಾರಕವಾಗುತ್ತವೆ. ಇಂಥ ಕೋಳಿಮಾರಿಯನ್ನು 1878ರಲ್ಲಿ ಇಟಲಿಯ ಪೆರೊಂಚಿತೊ ಎಂಬ ಪಂಡಿತನು ವರ್ಣಿಸಿದನು. ಅದು ಇನ್‌ಫ್ಲುಯೆಂಝಾ ಜಾತಿಯದೇ ಎಂದು ಜರ್ಮನಿಯ ಶೇಫರ್ ಎಂಬವನು 1955ರಲ್ಲಿ ತೋರಿಸಿಕೊಟ್ಟನು. ಇದರಿಂದ ಕಾಡುಹಕ್ಕಿಗಳು ಗುಂಪಾಗಿ ಸತ್ತದ್ದು ಅಪರೂಪ. 1961ರಲ್ಲಿ ದಕ್ಷಿಣ ಆಫ್ರಿಕದ ತೀರದಲ್ಲಿ ಸುಮಾರು 1,300 ರೀವ ಹಕ್ಕಿಗಳು ಸತ್ತದ್ದೊಂದೇ ಅನೇಕ ವರುಷಗಳ ವರೆಗೆ ಉದಾಹರಣೆಯಾಗಿ ಉಳಿದಿತ್ತು.

ಇಂದಿನ ವ್ಯಾಧಿಯ ಮೂಲವು ಚೀನಾದ ಗುವಾಂಗ್‌ಡಾಂಗ್ ಪ್ರಾಂತ. 1996ರಲ್ಲಿ ಅಲ್ಲಿಯ ಸಾಕಿದ ಹೆಬ್ಬಾತುಗಳಲ್ಲಿ ಎಚ್5ಎನ್1 ಎಂಬ ಬಗೆಯು ಕಾಣಿಸಿತು. ಮರು ವರುಷ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ತಗಲಿ 6 ಮಂದಿ ತೀರಿಕೊಂಡರು. ಇದು ಸಾಕುಹಕ್ಕಿಗಳ ವ್ಯಾಪಾರದೊಂದಿಗೆ ಸಂತೆಯಿಂದ ಸಂತೆಗೆ ಸಾಗಿತು. ಬಳಿಕ 2005ರ ವಸಂತದಲ್ಲಿ ಚೀನಾದ ಛಿಂಗ್‌ಹಾಯ್ ಸರೋವರದಲ್ಲಿ ಗೂಡು ಕಟ್ಟಲು ಕೂಡಿದ್ದ 6,000ಕ್ಕೂ ಮಿಕ್ಕಿ ಕಾಡುಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ಹೆಚ್ಚಿನವು ಯಾವುವು ಬಲ್ಲಿರಾ? ನಮ್ಮ ಮಾಗಡಿಗೆ ಬರುವ ಜಾತಿಯ ಪಟ್ಟೆತಲೆಯ ಹೆಬ್ಬಾತುಗಳೇ. ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಬಲ್ಲ ಈ ಹಕ್ಕಿಗಳು ದಡದ ಮೇಲೆ ಕತ್ತು ತಿರುಚಿಕೊಂಡು, ನಿಲ್ಲಲಾರದೆ ಬಿದ್ದವು. ಆ ಜಾತಿಯಲ್ಲಿ ಜಗತ್ತಿನಲ್ಲಿದ್ದವುಗಳ ಪೈಕಿ ನೂರಕ್ಕೆ 5ರಿಂದ 10 ಆ ಒಂದೇ ಸರೋವರದಲ್ಲಿ ಅಳಿದುಹೋದವೆಂದು ಶಾಸ್ತ್ರಜ್ಞರು ಅಂದಾಜು ಮಾಡಿದರು. ಕೋಳಿಮನೆಯಲ್ಲಿ ಬಲಿತ ವ್ಯಾಧಿಯು ಹೀಗೆ ಕಾಡಿಗೆ ಮರಳಿತು.

ಅಲ್ಲಿಂದ ಮುಂದಿನ ಹರಡುವಿಕೆಯಲ್ಲಿ ಕಾಡುಹಕ್ಕಿಯ ಪಾಲು ಇಲ್ಲವೆಂದು ನಾವು ಹೇಳಲಾರೆವು. ಬಹಳ ಬೇನೆ ಬಿದ್ದ ಹಕ್ಕಿ ದೂರ ಹಾರಲಾರದೆಂಬದು ನಿಜ. ಆದರೆ ಕೆಲವು ಜಾತಿಯ ಬಾತುಗಳು ವೈರಾಣುವನ್ನು ಹೊತ್ತುಕೊಂಡೂ ಕೆಲವು ದಿನ ನೆಟ್ಟಗೇ ಇರುತ್ತವೆ. ಅಷ್ಟರಲ್ಲಿ ನೂರಾರು ಮೈಲು ದಾಟಿಬಿಡುತ್ತವೆ. ಸತ್ತ ಹಕ್ಕಿಯನ್ನು ಕುಕ್ಕಿ ತಿಂದ ಕಾಗೆ ಹದ್ದುಗಳಿಗೂ ಅದು ತಗಲುತ್ತದೆ. ಒತ್ತಾಗಿ ಗೂಡು ಕಟ್ಟುವ ಕಡಲಹಕ್ಕಿಗಳ ಗತಿಯಂತೂ ಹೇಳತೀರದು. ಸ್ಕಾಟ್ಲಂಡಿನ ಬಾಸ್ ರಾಕ್ ಎಂಬ ಬಂಡೆಯ ಮೇಲೆ ಗ್ಯಾನೆಟ್ ಎಂಬ ಬಿಳಿಯ ಹಕ್ಕಿಗಳು ಹತ್ತಾರು ಸಾವಿರ ಜೋಡಿ ಕೂಡಿರುತ್ತವೆ. 2022ರ ಬೇಸಿಗೆಯಲ್ಲಿ ಅಲ್ಲಿ ಸಾವು ಹೊಕ್ಕಿತು. ಬದುಕಿದ ಕೆಲವುಗಳ ತಿಳಿನೀಲಿ ಕಣ್ಣುಗಳು ಕಪ್ಪಾಗಿದ್ದವು. ಅಂಥವುಗಳ ರಕ್ತವನ್ನು ಪರೀಕ್ಷಿಸಲಾಗಿ, ಹೆಚ್ಚಿನವು ವ್ಯಾಧಿಯನ್ನು ಗೆದ್ದುಬಂದವೆಂದು ತಿಳಿಯಿತು. ಈ ಸಂಗತಿಯನ್ನು ತರಗತಿಯಲ್ಲಿ ಓದಿ ಹೇಳಿದಾಗ ಹುಡುಗಿಯರು ಬಹಳ ಹೊತ್ತು ಮಾತಾಡಲಿಲ್ಲ. 2023ರಲ್ಲಿ ಅಮೇರಿಕದಲ್ಲಿ, ಅತಿ ವಿರಳವಾದ ಕಾಂಡೊರ್ ಹದ್ದುಗಳಲ್ಲಿ 21 ಸತ್ತ ಮೇಲೆ ಉಳಿದವುಗಳಿಗೆ ಲಸಿಕೆ ಚುಚ್ಚಲು ಅಲ್ಲಿಯ ಸರಕಾರವು ಒಪ್ಪಿತು. 2024ರಲ್ಲಿ ವೈರಾಣುವು ಅಂಟಾರ್ಕ್ಟಿಕದ ನೆಲದಲ್ಲಿಯೂ ಕಂಡುಬಂತು.

ನಮ್ಮ ದೇಶದಲ್ಲಿ ಕಾಡುಹಕ್ಕಿಗಳ ದೊಡ್ಡ ಸಾವು ಹಿಮಾಚಲದ ಪೊಂಗ್ ಅಣೆಕಟ್ಟಿನ ಜಲಾಶಯದಲ್ಲಿ ಆಯಿತು. 2020ರ ಡಿಸೆಂಬರದ ಕೊನೆಗೆ ಮೊದಲಾಗಿ ಸುಮಾರು 5,000 ಹಕ್ಕಿಗಳು ಸತ್ತವು. ಬಹುಪಾಲು ಮತ್ತೆ ಪಟ್ಟೆತಲೆಯ ಹೆಬ್ಬಾತುಗಳೇ. ಅದೇ ಚಳಿಗಾಲದಲ್ಲಿ ರಾಜಸ್ಥಾನ ಮಧ್ಯಪ್ರದೇಶಗಳಲ್ಲಿ ಕಾಗೆಗಳು ಸತ್ತವು. 2021ರ ಜುಲೈಯಲ್ಲಿ ಹರಿಯಾಣದ ಒಬ್ಬ ಬಾಲಕನು ಇದೇ ಜ್ವರದಿಂದ ದಿಲ್ಲಿಯಲ್ಲಿ ತೀರಿಕೊಂಡನು. ಮನುಷ್ಯರಿಗೆ ಇದು ತಗಲುವದು ಬಹು ವಿರಳವಾದರೂ ತಗಲಿದರೆ ಕಠಿಣ. ಆದುದರಿಂದ ತಾಯಂದಿರ ಭಯವನ್ನು ನಾವು ನಗೆಯಾಡುವದಿಲ್ಲ.

ಹಾಗಾದರೆ ಹಕ್ಕಿಗಳನ್ನು ಓಡಿಸಬೇಕೋ? ಬೇಡವೇ ಬೇಡ. ಪಟಾಕಿಗೆ ಬೆದರಿದ ಹಿಂಡು ಒಡೆದು ಹತ್ತು ಕೆರೆಗಳಿಗೆ ಚದರುತ್ತದೆ. ಅದರಲ್ಲಿ ವ್ಯಾಧಿಯಿದ್ದರೆ ಅದೂ ಜತೆಗೆ ಹೋಗುತ್ತದೆ. ಕಾಡುಹಕ್ಕಿಗಳನ್ನು ಕೊಲ್ಲುವದರಿಂದಾಗಲಿ ಕೆರೆಯನ್ನು ಬತ್ತಿಸುವದರಿಂದಾಗಲಿ ರೋಗವು ತಡೆಯದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಹೇಳಿದೆ. ಬಾಗಿಲು ಹಾಕಬೇಕಾದದ್ದು ಕೋಳಿಮನೆಗೆ. ಕೆರೆಯ ನೀರನ್ನು ಕೋಳಿಗಳಿಗೆ ಕುಡಿಸಬಾರದು. ಕಾಗೆ ಗುಬ್ಬಿ ನುಗ್ಗದಂತೆ ಬಲೆ ಹೊದಿಸಬೇಕು. ಕೆರೆಯ ಕೆಸರು ಹತ್ತಿದ ಚಪ್ಪಲಿಯಲ್ಲಿ ಶೆಡ್ಡಿನೊಳಗೆ ಕಾಲಿಡಬಾರದು. ಹೊಸ ಮರಿಗಳನ್ನು ಎಲ್ಲಿಂದ ತಂದೆವೆಂದು ತಿಳಿದಿರಬೇಕು. ಈ ಕಡೆಯ ಮಾತನ್ನು ಜನರು ಮರೆಯುತ್ತಾರೆ, ಯಾಕಂದರೆ ವ್ಯಾಪಾರಿಯ ಗಾಡಿಯ ಮೇಲೆ ಸಂಶಯ ಪಡುವದಕ್ಕಿಂತ ಆಕಾಶದ ಹಕ್ಕಿಯ ಮೇಲೆ ಸಂಶಯ ಪಡುವದು ಸುಲಭ. ಸತ್ತ ಹಕ್ಕಿಯನ್ನು ಕಂಡರೆ ಬರಿಗೈಯಿಂದ ಮುಟ್ಟದೆ, ನಾಯಿ ಎಳೆಯದಂತೆ ಕಾಯ್ದು, ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಬೇಕು. ಪರೀಕ್ಷೆಗೆ ಭೋಪಾಲದಲ್ಲಿ ಸರಕಾರದ ಪ್ರಯೋಗಶಾಲೆಯುಂಟು. ಚೆನ್ನಾಗಿ ಬೇಯಿಸಿದ ಕೋಳಿಯಲ್ಲಿಯೂ ತತ್ತಿಯಲ್ಲಿಯೂ ವೈರಾಣು ಉಳಿಯದು.

ಅವಳ ಮರುಕಾಗದ ಮಾರ್ಚಿಯಲ್ಲಿ ಬಂತು. ಮೈದುನರು ಮೊದಲು ಒಪ್ಪಲಿಲ್ಲವಂತೆ. ಪೊಂಗ್ ಜಲಾಶಯದ ಸಂಗತಿಯನ್ನು ಓದಿ ಹೇಳಿದ ಮೇಲೆ ಪಟಾಕಿಯ ಹಣದಿಂದ ಬಲೆ ತಂದರಂತೆ. ಅವಳ ಅತ್ತೆಯವರು ಮಾತ್ರ ತಮ್ಮ ನಾಲ್ಕು ಜವಾರಿ ಕೋಳಿಗಳನ್ನು ಕಟ್ಟಿಹಾಕಲು ಇನ್ನೂ ಒಪ್ಪಿಲ್ಲ. ಹೆಬ್ಬಾತುಗಳು ತಾವಾಗಿಯೇ ಉತ್ತರಕ್ಕೆ ಹೊರಟುಹೋದವು.

ನಾವೂ ನಿಂತುಹೋದ ಸಂಚಾರವನ್ನು ಮತ್ತೆ ಆರಂಭಿಸಿದೆವು. ಹುಡುಗಿಯರು ನೀರಿನ ಹತ್ತಿರ ಇಳಿಯದೆ ಕೆರೆಯ ಏರಿಯ ಮೇಲೆಯೇ ನಿಂತು ದುರ್ಬೀನಿನಿಂದ ನೋಡಿದರು. ತಿರುಗಿ ಬಂದು ಕೈಯನ್ನೂ ಚಪ್ಪಲಿಯನ್ನೂ ತೊಳೆದರು. ಸತ್ತ ಹಕ್ಕಿ ಒಂದೂ ಕಾಣಲಿಲ್ಲ. ಹೆಬ್ಬಾತುಗಳನ್ನು ಎಣಿಸಲು ನಾಲ್ಕು ಗುಂಪು ಮಾಡಿದ್ದೆವು. ನಾಲ್ಕರ ಲೆಕ್ಕವೂ ಒಂದಕ್ಕೊಂದು ಕೂಡಲಿಲ್ಲ.