ಸಯಾಟಿಕಾ: ಆಪರೇಷನ್ ಇಲ್ಲದೆ ನೋವು ಇಳಿಸುವುದು ಹೇಗೆ? ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ವಿಶೇಷ ಎಚ್ಚರಿಕೆಗಳು



ಹೃದಯದ ಡಾಕ್ಟರು ಸೊಂಟದ ಬಗ್ಗೆ ಯಾಕೆ ಬರೆಯುತ್ತಾರೆ ಎಂದು ನೀವು ಕೇಳಬಹುದು. ನಮ್ಮ ಓ.ಪಿ.ಡಿ.ಯಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. "ಡಾಕ್ಟ್ರೇ, ಕಾಲು ಸೆಳೆಯುತ್ತಿದೆ, ರಕ್ತನಾಳ ಬ್ಲಾಕ್ ಆಗಿದೆಯಾ?" ಎನ್ನುವುದು ಒಂದು. "ಸೊಂಟನೋವಿಗೆ ಮಾತ್ರೆ ನುಂಗುತ್ತಿದ್ದೇನೆ, ಹಾರ್ಟಿಗೆ ತೊಂದರೆಯಾ?" ಎನ್ನುವುದು ಇನ್ನೊಂದು. ಎರಡಕ್ಕೂ ಇಲ್ಲಿ ಉತ್ತರವಿದೆ.

*ಸಯಾಟಿಕಾ ಎಂದರೇನು?*

ಸಯಾಟಿಕ್ ನರ ನಮ್ಮ ದೇಹದ ಅತ್ಯಂತ ದಪ್ಪ ನರ. ಸೊಂಟದ ಕೆಳಭಾಗದಲ್ಲಿ ಹುಟ್ಟಿ, ಪೃಷ್ಠದ ಮೂಲಕ ತೊಡೆಯ ಹಿಂಭಾಗಕ್ಕೆ ಇಳಿದು, ಕವಲೊಡೆದು ಪಾದದವರೆಗೆ ಹೋಗುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್. ಅದು ಹೊರಚಾಚಿ ನರದ ಬೇರನ್ನು ಒತ್ತಿದಾಗ ಕರೆಂಟ್ ಹೊಡೆದಂತೆ ನೋವು ಕಾಲಿಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ, ತುಂಬಾ ಹೊತ್ತು ಕುಳಿತರೆ ಹೆಚ್ಚಾಗುತ್ತದೆ. ಆಯುರ್ವೇದ ಇದನ್ನು ಗೃಧ್ರಸಿ ಎನ್ನುತ್ತದೆ. ಗೃಧ್ರ ಎಂದರೆ ರಣಹದ್ದು; ರೋಗಿಯ ನಡಿಗೆ ಅದರಂತೆ ಕಾಣುತ್ತದೆ ಎಂದು ಆ ಹೆಸರು.

ತಿರುವನಂತಪುರದ ಪಕ್ಕದ ವಿಳಿಂಜಂ ಈಗ ದೊಡ್ಡ ಬಂದರು ಎಂದು ಎಲ್ಲರಿಗೂ ಗೊತ್ತು. 2025ರ ಮೇ 2ರಂದು ಅದು ಉದ್ಘಾಟನೆಯಾಯಿತು. ಆದರೆ ಅದಕ್ಕೂ ಮೊದಲಿನಿಂದ ಅದು ಮೀನುಗಾರರ ಊರು. ನಮ್ಮ ಕರಾವಳಿಯ ರಂಪಣಿಯಂತೆ ಅಲ್ಲಿನ ದಡದಲ್ಲೂ ಜನ ಸಾಲಾಗಿ ನಿಂತು ಬಲೆ ಎಳೆಯುತ್ತಾರೆ. ಬಗ್ಗಿ, ಸೊಂಟ ತಿರುಗಿಸಿ, ಭಾರ ಎಳೆಯುವ ಇಂಥ ಕೆಲಸ ಡಿಸ್ಕಿಗೆ ಕಷ್ಟ. ಬಲೆ ಎಳೆಯದವರಿಗೂ ಇದು ತಪ್ಪಿದ್ದಲ್ಲ. ಗ್ಯಾಸ್ ಸಿಲಿಂಡರ್ ಎತ್ತುವವರು, ಇಡೀ ದಿನ ಲಾರಿ ಓಡಿಸುವವರು, ಕಂಪ್ಯೂಟರ್ ಮುಂದೆ ಕೂರುವವರು ಎಲ್ಲರೂ ಈ ಸಾಲಿನಲ್ಲೇ ಇದ್ದಾರೆ.

*ಆಪರೇಷನ್ ಬೇಕೇ ಬೇಕಾ?*

ಬಹುತೇಕರಿಗೆ ಬೇಡ. ಹೊರಚಾಚಿದ ಡಿಸ್ಕಿನ ಭಾಗವನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರ ನೋವು 6ರಿಂದ 12 ವಾರಗಳಲ್ಲಿ ಇಳಿಮುಖವಾಗುತ್ತದೆ.

ನೆದರ್ಲೆಂಡ್ಸ್‌ನ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. 6ರಿಂದ 12 ವಾರ ತೀವ್ರ ನೋವು ಅನುಭವಿಸಿದ್ದ 283 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಬೇಗ ಆಪರೇಷನ್, ಉಳಿದವರಿಗೆ ಕಾದು ನೋಡುವ ಚಿಕಿತ್ಸೆ ಎಂದು ನಿಗದಿಯಾಗಿತ್ತು. ಆಪರೇಷನ್ ಆದವರ ನೋವು ಬೇಗ ಇಳಿಯಿತು. ಕಾದವರಲ್ಲಿ ಶೇ. 39 ಮಂದಿಗೆ ಮುಂದೆ ಆಪರೇಷನ್ ಬೇಕಾಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಸುಮಾರು ಶೇ. 95 ಮಂದಿ ಚೇತರಿಸಿಕೊಂಡಿದ್ದರು. ಅಂದರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಕಾಯುವುದರಿಂದ ನಷ್ಟವಿಲ್ಲ. ತಡೆಯಲಾಗದ ನೋವಿದ್ದವರು ಆಪರೇಷನ್ ಆರಿಸಿಕೊಂಡರೆ ಅದೂ ತಪ್ಪಲ್ಲ.

ಎಂ.ಆರ್.ಐ. ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" ಎಂದು ಓದಿ ಹೆದರಬೇಡಿ. ಯಾವ ನೋವೂ ಇಲ್ಲದ 20 ವರ್ಷದವರಲ್ಲೇ ಸುಮಾರು ಶೇ. 30 ಮಂದಿಗೆ ಅದು ಕಾಣುತ್ತದೆ.

*ಮನೆಯಲ್ಲಿ ಏನು ಮಾಡಬೇಕು?*

1. ಹಾಸಿಗೆ ಹಿಡಿಯಬೇಡಿ. ಒಂದೆರಡು ದಿನ ವಿಶ್ರಾಂತಿ ಸಾಕು. ನಂತರ ದಿನಕ್ಕೆ ನಾಲ್ಕೈದು ಸಲ, 5ರಿಂದ 10 ನಿಮಿಷ, ಸಮತಟ್ಟಾದ ಜಾಗದಲ್ಲಿ ನಡೆಯಿರಿ.
2. ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡಿ. ಪಕ್ಕಕ್ಕೆ ಮಲಗಿದರೆ ಎರಡು ಮಂಡಿಗಳ ನಡುವೆ ಇಡಿ.
3. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂರಬೇಡಿ. ನೋವು ಇಳಿಯುವವರೆಗೆ ಗುಂಡಿಬಿದ್ದ ರಸ್ತೆಯಲ್ಲಿ ಬೈಕ್ ಬೇಡ.
4. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ಒಂದು ಸುಲಭ ಗುರುತು ನೆನಪಿಡಿ: ವ್ಯಾಯಾಮ ಮಾಡಿದಾಗ ನೋವು ಪಾದದಿಂದ ಸೊಂಟದ ಕಡೆಗೆ ಸರಿದರೆ ಒಳ್ಳೆಯದು. ಸೊಂಟದಿಂದ ಪಾದಕ್ಕೆ ಇಳಿದರೆ ತಕ್ಷಣ ನಿಲ್ಲಿಸಿ. ನೋವಿನ ಕಾಲದಲ್ಲಿ ಪಶ್ಚಿಮೋತ್ತಾನಾಸನದಂಥ ಮುಂದೆ ಬಾಗುವ ಆಸನಗಳು ಬೇಡ.
5. ಬೀಡಿ, ಸಿಗರೇಟು ಬಿಡಿ. ಅದು ಡಿಸ್ಕಿಗೂ ಶತ್ರು, ಹೃದಯಕ್ಕೂ ಶತ್ರು.

*ಕಾಲುನೋವು ನರದ್ದಾ, ರಕ್ತನಾಳದ್ದಾ?*

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತ ಕೆಲವೇ ನಿಮಿಷಗಳಲ್ಲಿ ಬಿಟ್ಟರೆ ರಕ್ತನಾಳದ ತೊಂದರೆ ಇರಬಹುದು. ಸಕ್ಕರೆ ಕಾಯಿಲೆ ಇರುವವರು, ಧೂಮಪಾನಿಗಳು ಇದನ್ನು ಸೊಂಟನೋವು ಎಂದು ತಳ್ಳಿಹಾಕಬೇಡಿ. ಕುಳಿತಾಗಲೂ ಸೆಳೆದರೆ, ಜೋಮು ಹಿಡಿದರೆ ನರದ ನೋವು ಇರುವ ಸಾಧ್ಯತೆ ಹೆಚ್ಚು. ಒಂದೇ ಮೀನಖಂಡ ಊದಿ, ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮಸಾಜ್ ಮಾಡಿಸಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

*ಹೃದ್ರೋಗಿಗಳು ಗಮನಿಸಿ*

• ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್‌ನಂಥ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಅವು ಬಿ.ಪಿ. ಏರಿಸುತ್ತವೆ, ಉಪ್ಪು-ನೀರು ಹಿಡಿದಿಡುತ್ತವೆ, ಹೃದಯಾಘಾತದ ಅಪಾಯ ಹೆಚ್ಚಿಸುತ್ತವೆ. ಹಾರ್ಟ್ ಅಟ್ಯಾಕ್ ಆದವರಿಗೆ, ಹಾರ್ಟ್ ಫೇಲ್ಯೂರ್ ಇರುವವರಿಗೆ ಡೈಕ್ಲೋಫೆನಾಕ್ ಕೊಡಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ.
• ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆಗೆ ಇವನ್ನು ಸೇರಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು.
• ಪ್ರಿಗ್ಯಾಬಲಿನ್ ಕಾಲಿನ ಊತ ತರಬಹುದು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸಯಾಟಿಕಾ ನೋವಿಗೆ ಅದು ಬರಿಯ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರನ್ನು ಕೇಳಿ.
• ಸ್ಟೆಂಟ್ ಹಾಕಿಸಿಕೊಂಡವರು ಬೆನ್ನಿಗೆ ಇಂಜೆಕ್ಷನ್ ಅಥವಾ ಆಪರೇಷನ್ ಮುನ್ನ ರಕ್ತ ತೆಳುಮಾಡುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಲೇಬೇಡಿ. ಸ್ಟೆಂಟ್ ಮುಚ್ಚಿಹೋದರೆ ಪ್ರಾಣಕ್ಕೇ ಅಪಾಯ.
• ಸ್ಟೀರಾಯ್ಡ್ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರಬಹುದು. ಪರೀಕ್ಷಿಸಿಕೊಳ್ಳಿ.
• ಚಿಕಿತ್ಸೆಗೆ ಕೇರಳಕ್ಕೆ ಹೋಗುವ ಕನ್ನಡಿಗರು ಬಹಳ. ಹೋಗುವಾಗ ನಿಮ್ಮ ಮಾತ್ರೆಗಳ ಚೀಟಿ ವೈದ್ಯರಿಗೆ ತೋರಿಸಿ. ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ವಿರೇಚನದಿಂದ ಪೊಟ್ಯಾಸಿಯಂ ಇಳಿಯಬಹುದು. ಜ್ಯೇಷ್ಠಮಧು ಹೆಚ್ಚಾದರೆ ಬಿ.ಪಿ. ಏರುತ್ತದೆ.

*ಒಂದು ದಿನವೂ ಕಾಯಬಾರದ ಲಕ್ಷಣಗಳು*

• ಮೂತ್ರ ಕಟ್ಟುವುದು, ಅಥವಾ ಮಲಮೂತ್ರದ ಹಿಡಿತ ತಪ್ಪುವುದು
• ತೊಡೆಸಂದು, ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಿರುವುದು
• ಪಾದ ಎತ್ತಲಾಗದಿರುವುದು, ಚಪ್ಪಲಿ ತಾನಾಗಿ ಜಾರುವುದು, ಎರಡೂ ಕಾಲಿನ ಬಲ ಕುಂದುವುದು
• ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು

ಮೊದಲ ಎರಡು ಲಕ್ಷಣ ಕಂಡರೆ ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಹೋಗಿ. ತಡವಾದರೆ ಆಪರೇಷನ್ ಮಾಡಿದರೂ ಹಿಡಿತ ಮರಳದಿರಬಹುದು.

ಇವು ಯಾವುವೂ ಇಲ್ಲದಿದ್ದರೆ ಧೈರ್ಯವಾಗಿರಿ. ನಡೆಯಿರಿ, ತಾಳ್ಮೆಯಿರಲಿ, ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಮನೆಯಲ್ಲಿ ಹೃದಯದ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ, ಬೇಕಾದವರಿಗೆ ಕಳುಹಿಸಿ.

— ಹೃದ್ರೋಗ ತಜ್ಞ, ಎಂ.ಡಿ.